ಗೊಂಬೆಯ ಕಿವಿ

ಮಸ್ಕಿ ಬಸ್ ನಿಲ್ದಾಣದಲ್ಲಿ, ಹಳೆಯ ಪ್ಲಾಸ್ಟಿಕ್ ಗೊಂಬೆಗಳನ್ನು ರಿಪೇರಿ ಮಾಡುವ ಸಂಘಮಿತ್ರಾ ಒಂದು ಗೊಂಬೆಯನ್ನು ಗದ್ದೆಮ್ಮನಿಗೆ ಮರಳಿಸುತ್ತಿದ್ದಳು. ಹರಿದ ಗೌನು ಸರಿಹೋಗಿತ್ತು. ಕೆನ್ನೆ ಮಾತ್ರ ಹಸಿರಾಗಿಯೇ ಇತ್ತು.

“ಯಕ್ಕಾ, ಇದರ ಕಿವಿ ಯಾರು ಚುಚ್ಚಿದ್ದು?”

“ಅಕ್ಕಸಾಲಿ ಪತ್ತಾರ. ಮಗಳು ಅಳಬಾರದಂತ ಮೊದಲು ಗೊಂಬಿಗೆ ಚುಚ್ಚಿಸಿದೆ. ಇಬ್ಬರಿಗೂ ಒಂದ ತಾಮ್ರದ ತಂತಿ.”

“ಅಳಲಿಲ್ಲೇನು?”

“ಊರೆಲ್ಲ ಕೇಳೋಹಂಗ ಅತ್ಲು.”

“ತಾಮ್ರದ ಕಿಲುಬು ಪ್ಲಾಸ್ಟಿಕ್‌ನ್ಯಾಗ ಇಳದೈತಿ. ಕಲೆ ತಗಿಯೋ ಮುಲಾಮು ಹಚ್ಚಿ ತಿಂಗಳುಗಟ್ಟಲೆ ಬಿಸಲಿಗಿಟ್ಟೆ, ಹೋಗವಲ್ದು. ಇಂಥಾದ್ದೇ ಇನ್ನೊಂದು ಗೊಂಬಿ ತಲಿ ಹಾಕ್ಲೇನು?”

“ಬ್ಯಾಡ. ಅಕಿ ಮುದ್ದು ಕೊಡ್ತಿದ್ದ ಮಾರಿ ಇದು.”

“ಹಂಗಾರ ತಂತಿನಾರ ತಗೀರಿ. ಇಲ್ಲಾಂದ್ರ ಮಾರಿ ತುಂಬ ಹಬ್ಬತೈತಿ.”

“ಮಣ್ಣು ಮಾಡುವಾಗ ಅಕಿದೂ ತಗೀಲಿಲ್ಲ, ತಂಗಿ.”

ಸಿಂಧನೂರು ಬಸ್ ಬಂತು. ಗದ್ದೆಮ್ಮ ಗೊಂಬೆಯ ಮುಖಕ್ಕೆ ಸೆರಗು ಮುಚ್ಚಿ ಹತ್ತಿದಳು.