ದಾರಿಗೆ ಬಂದ ಸೀಳು

ಕಾಡಿನಂಚಿನ ಮರಗೆಲಸದ ಶಿಬಿರ ಅಂದಿಗೆ ಮುಗಿದು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಶಿಬಿರಕ್ಕೇ ಬಂದಿದ್ದ ಅಕ್ಕತಂಗಿಯರಿಬ್ಬರು ಕೂತಿದ್ದರು. ತಂಗಿಯ ಮಡಿಲಲ್ಲಿ ಆಗಷ್ಟೇ ಸೀಳಿದ ಹಸಿಮರದ ತುಂಡು.

"ಕೆಳಗಿಡೇ, ಬಟ್ಟೆಯೆಲ್ಲ ಒದ್ದೆ ಆಗ್ತಿದೆ."

"ಆಗ್ಲಿ ಬಿಡಕ್ಕ. ಮರದೊಳಗೆ ಇಷ್ಟು ನೀರಿರುತ್ತೆ ಅಂತ ಗೊತ್ತಿತ್ತಾ ನಿಂಗೆ?"

"ನಂಗೇನು ಗೊತ್ತು! ಸೀಳು ಓರೆಯಾಗಿ ಹೋದಾಗ, ನೀನು ಕೊಡಲಿ ಬಿಸಾಕಿ ಎದ್ದುಬಿಡ್ತೀಯ ಅಂದ್ಕೊಂಡೆ."

"ಏಳೋದ್ರಲ್ಲೇ ಇದ್ದೆ. ಅಷ್ಟರಲ್ಲಿ ಮೇಷ್ಟ್ರು, ಹೊಡೀಬೇಡಮ್ಮ, ದಪ್ಪ ಇರೋ ಭಾಗಾನ ಮೆಲ್ಲಗೆ ಬಗ್ಗಿಸು ಅಂದ್ರು. ಬಗ್ಗಿಸಿದೆ ನೋಡು, ಸೀಳು ತಾನಾಗಿ ನಡುವಿಗೆ ಬಂತು!"

"ನಂದು ಮಾತ್ರ ಸೌದೆ ಆಯ್ತು."

"ನೀನು ಭಾವನ್ನ ಬಗ್ಗಿಸೋ ಹಾಗೆ ಬಗ್ಗಿಸಿದ್ರೆ ಇನ್ನೇನಾಗುತ್ತೆ?"

ಇಬ್ಬರೂ ನಕ್ಕರು. ನಗುತ್ತಲೇ ಅಕ್ಕ ಕಣ್ಣೊರೆಸಿಕೊಂಡಳು.

"ಯಾಕಕ್ಕ?"

"ನಿನ್ನ ಯಜಮಾನ್ರು ತೀರ್ಕೊಂಡ ಮೇಲೆ ನೀನು ನಕ್ಕಿದ್ದು ಇವತ್ತೇ ಕಣೇ."

ತಂಗಿ ಮರದ ಮೇಲೆ ಬೆರಳಾಡಿಸಿದಳು.

"ಇದು ತೆರ್ಕೊಂಡಾಗ ಒಳಗೆಲ್ಲ ಹೆಂಗೆ ಹೊಳೀತಿತ್ತು! ಇಷ್ಟು ವರ್ಷ ಬೆಳಕೇ ಕಾಣದ ಜಾಗ ಅಕ್ಕ. ಲೋಕದಲ್ಲಿ ಅದನ್ನ ಮೊದಲು ನೋಡಿದ್ದು ನಾನು."

ಅಕ್ಕ ಬಗ್ಗಿ ನೋಡಿದಳು. ನಾನೂ ಆ ತುಂಡನ್ನೇ ನೋಡುತ್ತಿದ್ದೆ. ಬಸ್ಸು ಬಂತು.

"ಮುಂದಿನ ವಾರ ಸೌಟು ಕೆತ್ತೋದಂತೆ. ಬರ್ತೀಯಾ?" ಅಕ್ಕ ಅಳುಕುತ್ತಲೇ ಕೇಳಿದಳು.

"ನೀನು ಬರದಿದ್ರೂ ನಾನು ಬರ್ತೀನಿ," ಎನ್ನುತ್ತ ತಂಗಿ ಮರವನ್ನು ಎದೆಗವಚಿಕೊಂಡು ಮೊದಲು ಬಸ್ಸು ಹತ್ತಿದಳು.