ಹೆಂಚಿನ ಕಾರ್ಖಾನೆಯ ಚೌಕಾಬಾರ

ಅಧ್ಯಕ್ಷರೂ ನಮ್ಮ ಮಾಲೂರು ಹೆಂಚಿನ ಕಾರ್ಖಾನೆಯ ಮಾಲೀಕರೂ ಆದ ಶ್ರೀ ದೊಡ್ಡವೆಂಕಟಪ್ಪನವರೇ, ವೇದಿಕೆಯ ಗಣ್ಯರೇ, ಕುರ್ಚಿ ಸಾಲದೆ ಹಿಂದೆ ನಿಂತಿರುವ ಕೆಲಸಗಾರರೇ, ಸಭಿಕರೇ,

ಇಪ್ಪತ್ತೆಂಟು ವರ್ಷ ಮ್ಯಾನೇಜರಾಗಿದ್ದು ಇಂದು ನಿವೃತ್ತನಾಗುವ ನನ್ನನ್ನು ಮಾನಪತ್ರದಲ್ಲಿ ‘ದೂರದೃಷ್ಟಿಯುಳ್ಳವರು’ ಎಂದು ಹೊಗಳಿದ್ದೀರಿ. ಏನದು ದೂರದೃಷ್ಟಿ? ಎಪ್ಪತ್ತೊಂಬತ್ತರಲ್ಲಿ ನಾನು ಆಡಿದ ಚೌಕಾಬಾರ, ಅಷ್ಟೇ.

ಆಫೀಸಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಡೀ ಕಾರ್ಖಾನೆ ಬರೆದೆ. ಹೆಂಚಿನ ಕಾಯಿ ಎಂದು ಹುಣಸೆಬೀಜ ಇಟ್ಟೆ. ಕವಡೆ ಒಂದು ಬಿದ್ದರೆ ಸೌದೆ ಇಲ್ಲ, ಎರಡು ಬಿದ್ದರೆ ರೈಲ್ವೆ ವ್ಯಾಗನ್ ಇಲ್ಲ, ಎಲ್ಲ ಬೋರಲಾದರೆ ಜಡಿಮಳೆ. ಯಾವ ಕಷ್ಟಕ್ಕೆ ಕೆಲಸ ಎಷ್ಟು ದಿನ ನಿಲ್ಲುತ್ತದೆ ಎಂದು ನೋಡಬೇಕು. ಇನ್ನೂರು ಸಲ ಆಡಿದೆ. “ಮಕ್ಕಳ ಕವಡೆ ಫ್ಯಾಕ್ಟ್ರಿಗೆ ಒಯ್ತೀರಲ್ಲ, ನಾಚ್ಕೆ ಆಗಲ್ವಾ?” ಎಂದು ನನ್ನಾಕೆ ಆದಿಲಕ್ಷ್ಮಮ್ಮ ಬೈದಳು. ನಗಿ, ನಗಬಹುದು.

ಹೆಂಚು ಒಣಗಿಸುವ ಶೆಡ್ಡಿನಲ್ಲಿ ದುಡಿಯುತ್ತಿದ್ದ ಆಂಜಿನಮ್ಮ ಬಾಗಿಲಲ್ಲಿ ನಿಂತು ಕೇಳಿದಳು: “ಏನ್ ಸಾರ್, ಇದ್ರಲ್ಲಿ ನನ್ ಕಾಯಿ ಯಾವ್ದು?”

“ನಿಂಗೆ ಕಾಯಿಲ್ಲ ಕಣಮ್ಮ, ಹೆಂಚಿಗೆ ಮಾತ್ರ” ಎಂದೆ. ಇಬ್ಬರೂ ನಕ್ಕೆವು.

ಜಡಿಮಳೆ ಬಂದಾಗಲೆಲ್ಲ ಆಟದಲ್ಲಿ ಬಿದ್ದದ್ದು ಅದೇ ಶೆಡ್ಡಿನ, ಆಗಲೇ ಬಿರುಕು ಬಿಟ್ಟಿದ್ದ ಪಡುವಣ ಗೋಡೆ. ಬಿದ್ದರೆ ನಾಲ್ಕು ದಿನ ಕೆಲಸ ನಿಲ್ಲುತ್ತದೆ. ಕೆಡವಿ ಕಟ್ಟಿದರೆ ಎಂಟು ದಿನ. ಮಾಲೀಕರು ಕೇಳಿದರು, “ಯಾವ್ದು ಕಮ್ಮಿ ಕಣ್ರೀ?” ಅವರೇನೂ ನನ್ನನ್ನು ಬಲವಂತ ಮಾಡಲಿಲ್ಲ. ‘ಗೋಡೆ ಇರುವಂತೆಯೇ ಇರಲಿ’ ಎಂದು ವರದಿ ಬರೆದು ರುಜು ಹಾಕಿದವನು ನಾನು.

ಎಂಬತ್ತೊಂದರ ಮಳೆಗೆ ಗೋಡೆ ಬಿತ್ತು. ಅಡಿಯಲ್ಲಿ ಆಂಜಿನಮ್ಮ ಇದ್ದಳು. ಅವಳನ್ನು ಮಣ್ಣು ಮಾಡಿದೆವು, ಇಟ್ಟಿಗೆ ಸಾಗಿಸಿದೆವು, ಐದನೆಯ ದಿನ ಹೆಂಚು ಸುಡುವ ಗೂಡಿಗೆ ಬೆಂಕಿ ಹಾಕಿದೆವು. “ಕರೆಕ್ಟಾಗಿ ನಾಲ್ಕೇ ದಿನ!” ಎಂದು ಮಾಲೀಕರು ನನ್ನ ಬೆನ್ನು ತಟ್ಟಿದರು. ಸಭಿಕರೇ, ಒಂದು ಕ್ಷಣ ನನಗೆ ಹೆಮ್ಮೆಯಾಯಿತು.

ಈಗ ತಾನೇ ಕೆಲಸಗಾರರ ಪರವಾಗಿ ನನಗೆ ಹಾರ ಹಾಕಿದ ಆವಲಪ್ಪ ಅವಳ ಗಂಡ. ಅವನಿಗೆ ಈ ಆಟದ ವಿಷಯ ಇಂದಿನವರೆಗೆ ಗೊತ್ತಿರಲಿಲ್ಲ. ಆವಲಪ್ಪ, ನೀನು ಬಂದು ಹಾರ ತೆಗೆದುಕೊಂಡು ಹೋದರೆ ನಾನು ಬೇಡ ಎನ್ನುವುದಿಲ್ಲ.

ಶಾಲು ಹೊದಿಸಿದವರಿಗೆ, ಕೇಳಿಸಿಕೊಂಡವರಿಗೆ ವಂದನೆಗಳು. ಮಾನಪತ್ರ ಈ ಮೇಜಿನ ಮೇಲೆಯೇ ಇರಲಿ. ಅದರಲ್ಲೂ ಆಂಜಿನಮ್ಮನ ಹೆಸರಿಲ್ಲ. ನಮಸ್ಕಾರ.