ಹಗ್ಗದ ಹಾಲಪ್ಪಜ್ಜನ ಹೆಸರು

ಕೂತ್ಕೊಳ್ರಪ್ಪ, ಕೂತ್ಕೊಳ್ರವ್ವ. ಎಲೆ ಅಡಿಕೆ ಹಾಕ್ಕೊಳ್ಳೋರು ಈಗಲೇ ಹಾಕ್ಕೊಳ್ಳಿ, ಕಥೆ ನಡುವೆ ಎದ್ದು ಉಗುಳೋಕೆ ನಾನು ಬಿಡೋನಲ್ಲ. ಒಂದು ಸೀಮೆ, ಆ ಸೀಮೇಲಿ ಒಂದು ಊರು. ಯಾವ ಸೀಮೆ, ಯಾವ ಊರು? ಕೇಳಬೇಡಿ. ನನಗೆ ಹೇಳಿದವರು ಹೇಳಲಿಲ್ಲ, ಅವರಿಗೆ ಹೇಳಿದವರಿಗೆ ಗೊತ್ತಿರಲಿಲ್ಲ.

ಆ ಊರಿನಲ್ಲಿ ಹಾಲಪ್ಪ ಅಂತ ಒಬ್ಬ ಹಗ್ಗದ ವ್ಯಾಪಾರಿ. ನಲವತ್ತು ವರ್ಷ ಹಗ್ಗ ಮಾರಿದ. ಬಾವಿ ಹಗ್ಗ, ಎತ್ತಿನ ಹಗ್ಗ, ತೊಟ್ಟಿಲ ಹಗ್ಗ. ಮಂಡಿ ನೋವು ಬಂದಮೇಲೆ ಅಂಗಡಿ ಮುಚ್ಚಿ ಜಗಲಿ ಹಿಡಿದ. ಸುಮ್ಮನೆ ಕೂತನೇ? ಎಲ್ಲಿ ಕೂರ್ತಾನೆ! ದಾರೀಲಿ ಹೋಗೋ ಎತ್ತನ್ನೆಲ್ಲ ನಿಲ್ಲಿಸಿ, ಕೊರಳ ಗಂಟು ಎಳೆದು ನೋಡೋನು. ಮೊಮ್ಮಗಳು ಈರಮ್ಮ ಅಂದರೆ ಪ್ರಾಣ. ಅವಳ ಜಡೆಯನ್ನೂ ಹಗ್ಗದ ಹಾಗೆ ಬಿಗಿದು ಹೆಣೆದು, "ಇದು ಜನ್ಮಕ್ಕೆ ಬಿಚ್ಚಲ್ಲ ನೋಡು" ಅನ್ನೋನು.

ಅಂಥ ಅಜ್ಜ ತೀರಿಕೊಂಡ. ಅದಾದ ಕೆಲವೇ ದಿನಕ್ಕೆ ಈರಮ್ಮ ಗಂಡು ಕೂಸು ಹಡೆದಳು. ಅಜ್ಜನ ಹೆಸರೇ ಇಡಬೇಕು ಅಂತ ಆಸೆ. ಆದರೆ ಆ ಊರಿನ ಕಟ್ಟಳೆ ಕೇಳಿ. ತೀರಿಹೋದವರ ಹೆಸರು ಬೇಕಾದರೆ ಮನೆಯವರೊಬ್ಬರು ಸಂತೆಕಟ್ಟೆ ಹತ್ತಿ, ಅವರ ಬದುಕನ್ನ ಮೂರು ಮಾತಲ್ಲಿ ಹೇಳಬೇಕು. ಸುಳ್ಳು ಅನ್ನಿಸಿದವರು ಕೈ ಎತ್ತಿ ಹಾಗೇ ಹಿಡಿಯಬಹುದು. ಕೊನೆಗೆ ಗೌಡರು ಎಣಿಸೋ ಹೊತ್ತಿಗೆ ಮೂರು ಕೈ ಮೇಲಿದ್ದವೋ, ಹೆಸರು ಹೋಯಿತು. ಆಮೇಲೆ ಆ ಊರಲ್ಲಿ ಯಾವ ಕೂಸಿಗೂ ಆ ಹೆಸರು ಇಡೋ ಹಾಗಿಲ್ಲ.

ಮೂರು ದಿನ ಈರಮ್ಮನಿಗೆ ಅನ್ನ ಸೇರಲಿಲ್ಲ. "ಇದ್ದದ್ದು ಇದ್ದ ಹಾಗೆ ಹೇಳೇ" ಅಂದಳು ಅವ್ವ.

"ಇದ್ದದ್ದು ಸಾಲಲ್ಲ ಕಣವ್ವ. ಹಗ್ಗ ಮಾರಿದ ಅಂದರೆ ಯಾರು ಕೇಳ್ತಾರೆ?"

ನೋಡಿ, ಅಲ್ಲೇ ಎಡವಿದಳು.

ಸಂತೆಯ ದಿನ ಬಂತು. ಎದೆಗೆ ಅವಚಿದ ಕೂಸು. ಕಟ್ಟೆ ಹತ್ತಿ ಈರಮ್ಮ ಶುರುಮಾಡಿದಳು. "ನಮ್ಮಜ್ಜ ಯಾರ ಮೇಲೂ ದನಿ ಎತ್ತಿದವನಲ್ಲ."

"ಅಯ್ಯೋ ಬಿಡೇ!" ಮಡಕೆ ಮಾರುವ ದುರುಗಮ್ಮ ಕೈ ಎತ್ತಿದಳು. "ನಾನು ಎರಡು ತುಂಡು ಹಗ್ಗ ಗಂಟು ಹಾಕಿ ಬಾವಿಗೆ ಬಿಟ್ಟಿದ್ದಕ್ಕೆ ಇಡೀ ಸಂತೆ ಕೇಳೋ ಹಾಗೆ ಬೈದ. ನನ್ನ ಗಂಡನೂ ಹಾಗೆ ಬೈದಿಲ್ಲ."

"ಪಾಪ, ಅವನಿಗೆ ಧೈರ್ಯ ಎಲ್ಲೈತೆ" ಅಂದರು ಯಾರೋ. ಜನ ನಕ್ಕರು. ಈರಮ್ಮ ನಗಲಿಲ್ಲ. ಒಂದು ಕೈ.

"ಅವನು ಕೊಟ್ಟ ಹಗ್ಗ ಒಂದೂ ಹರಿದಿಲ್ಲ" ಅಂದಳು.

"ನಂದು ಹರೀತು!" ಎತ್ತಿನ ತಿಪ್ಪಣ್ಣ ಕೈ ಎತ್ತಿದ. "ನನ್ನ ಹೋರಿ ಹೋಗಿ ಗೌಡರ ಬದನೆಕಾಯೆಲ್ಲ ಮೇಯ್ತು. ಕೇಳಿ ಬೇಕಾದರೆ."

ಗೌಡರು ಹೂಂ ಅಂದರು. ಎರಡು ಕೈ.

ಇಲ್ಲಿಗೇ ಇಳಿದುಬಿಡಲೇ? ಹಾಗೆ ಇಳಿಯೋ ಹಾಗೂ ಇಲ್ಲ, ಮೂರು ಮಾತು ಆಡಲೇಬೇಕು. ಬಾಯಿಗೆ ಬಂದದ್ದು ಹೇಳಿದಳು. "ಹಗ್ಗ ಕೇಳಿ ಬಂದವರನ್ನ ಅಜ್ಜ ಬರಿಗೈಲಿ ಕಳಿಸಿದ್ದೇ ಇಲ್ಲ."

ಹಿಂದಿನ ಸಾಲಲ್ಲಿ ನಿಧಾನವಾಗಿ ಒಂದು ಕೈ ಎದ್ದಿತು. ಯಾರದು? ಕಂಬಳಿ ನೇಯುವ ಕೊಟ್ರಪ್ಪನದು. ಮಾತೇ ಆಡದ ಮನುಷ್ಯ.

"ನನ್ನನ್ನ ಕಳಿಸಿದ" ಅಂದ.

ಮೂರು ಕೈ.

"ಬಿಡಿಸಿ ಹೇಳಪ್ಪ" ಅಂದರು ಗೌಡರು.

"ಹತ್ತು ಮೊಳ ಹಗ್ಗ ಕೇಳಿದೆ. ಯಾಕೆ ಅಂದ. ಆಕಳಿಗೆ ಅಂದೆ. ಆಕಳ ಹೆಸರೇನು ಅಂದ." ಕೊಟ್ರಪ್ಪ ತಲೆ ತಗ್ಗಿಸಿದ. "ನನಗೆ ಆಕಳೇ ಇರಲಿಲ್ಲ, ಗೌಡ್ರೆ. ಊರಾಚೆ ಒಂದು ಮರ ನೋಡಿಟ್ಟಿದ್ದೆ, ಅಷ್ಟೆ."

ಇನ್ನೊಂದು ಕೈಲಿ ತನ್ನ ಕೊರಳು ಸವರಿಕೊಂಡ.

"ಅಂಗಡಿ ತುಂಬ ಹಗ್ಗ ನೇತಾಡ್ತಿತ್ತು. ನನ್ನ ತಲೆಗೇ ತಾಗ್ತಿತ್ತು. 'ಹಗ್ಗ ಖಾಲಿ ಆಗೈತೆ, ನಾಳೆ ಬಾ' ಅಂದ. ಕೂರಿಸಿ ಅರ್ಧ ರೊಟ್ಟಿ ಕೊಟ್ಟ. ಮರುದಿನ ಹೋದೆ. ಖಾಲಿ, ನಾಳೆ ಬಾ. ಅದರ ಮರುದಿನ ಹೋದೆ. ಖಾಲಿ, ನಾಳೆ ಬಾ. ದಿನಾ ಅರ್ಧ ರೊಟ್ಟಿ. ಹೀಗೇ ಒಂದು ತಿಂಗಳು. ಒಂದಿನ, ಹೋಗೋದನ್ನೇ ಮರೆತೆ."

ಗೌಡರು ಕಣ್ಣೊರೆಸಿಕೊಂಡರು. "ಹಾಗಾದರೆ ಕೈ ಯಾಕೆ ಎತ್ತಿದೆಯೋ ಮಾರಾಯ?"

"ಅವಳು ಹೇಳಿದ್ದು ಸುಳ್ಳಲ್ವೇ? ಹಾಲಪ್ಪಣ್ಣನ ವಿಷಯದಲ್ಲಿ ನಾನು ಸುಳ್ಳಿಗೆ ಸುಮ್ಮನಿರಲೇ?" ಕೈ ಮೇಲೇ ಇತ್ತು.

ಈರಮ್ಮ ಕಟ್ಟೆ ಇಳಿದಳು. ಜನರ ನಡುವೆ ನಡೆದು ಹೋಗಿ, ಕೂಸನ್ನು ಕೊಟ್ರಪ್ಪನ ಮುಂದೆ ಹಿಡಿದಳು. "ಹೆಸರು ಹೋದರೆ ಹೋಗ್ಲಿ ಮಾವ. ನಮ್ಮಜ್ಜ ಉಳಿಸಿಕೊಂಡ ಮನುಷ್ಯ ನೀನು. ಒಂದು ಗಳಿಗೆ ಇವನ್ನ ಎತ್ಕೋ."

ಹದಿನೈದು ದಿನದ ಕೂಸು, ಕತ್ತು ನಿಂತಿಲ್ಲ. ಒಂದು ಕೈಲಿ ಎತ್ತಿಕೊಳ್ಳೋಕೆ ಆಗುತ್ತದೆಯೇ? ನೀವೇ ಹೇಳಿ. ಕೊಟ್ರಪ್ಪ ಎರಡೂ ಕೈ ಚಾಚಿದ.

ಗೌಡರು ತಟ್ಟನೆ ಎದ್ದು ನಿಂತರು. "ಎಣಿಸ್ರೋ! ಮೇಲೆ ಎಷ್ಟು ಕೈ?"

"ಎರಡೇ!" ಅಂತು ಸಂತೆ.

ಕೊಟ್ರಪ್ಪ ಬಗ್ಗಿ ಕೂಸಿನ ಕಿವಿಯಲ್ಲಿ ಮೂರು ಸಲ ಕರೆದ. ಹಾಲಪ್ಪಾ. ಹಾಲಪ್ಪಾ. ಹಾಲಪ್ಪಾ.

ಹೇಳಿದ ಬಾಯಿಗೆ ಬೆಲ್ಲ, ಕೇಳಿದ ಕಿವಿಗೆ ಓಲೆ. ಏಳಿ, ಕಥೆಯೂ ಮನೆಗೆ ಹೋಯಿತು, ನೀವೂ ಹೋಗಿ.